ಜೂನ್ ತಿಂಗಳ ಕಪ್ಪೆಗೆ ಅಕ್ಟೋಬರ್‌ನಲ್ಲಿ ಅನುಮತಿ

ಮಾನ್ಯ ಸಂಪಾದಕರೇ,

ಖಾನಾಪುರದಲ್ಲಿ ತಹಶೀಲ್ದಾರ್ ಕಚೇರಿಗೆ ಹೋಗುವ ದಾರಿಯಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. 19 ವರ್ಷದಿಂದ ನಡೆಸುತ್ತಿದ್ದೇನೆ. ಜಾತಿ-ಆದಾಯದ ಅರ್ಜಿ, ಪಹಣಿ ತಿದ್ದುಪಡಿ, ಕಾಡುಹಂದಿ ಭತ್ತ ತಿಂದದ್ದಕ್ಕೆ ಪರಿಹಾರ, ಎಲ್ಲ ನನ್ನ ಕೈ ದಾಟಿಯೇ ಒಳಗೆ ಹೋಗುತ್ತವೆ. ಯಾವುದಕ್ಕೆ ಎಷ್ಟು ಪ್ರತಿ, ಎಲ್ಲಿ ಸಹಿ, ಎಲ್ಲಿ ಸೀಲು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತೇನೆ. ಆದರೆ ಹೋದ ವರ್ಷ ಒಂದು ಅರ್ಜಿ ನನ್ನನ್ನೇ ಸೋಲಿಸಿತು. ಅದು ನನ್ನ ಮಗಳದು.

ಅವಳು ಕಪ್ಪೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ನೆಂಟರು ಮೊದಲು ನಗುತ್ತಾರೆ, ಆಮೇಲೆ ಮದುವೆ ಯಾವಾಗ ಅಂತಾರೆ. ಅವಳ ಕೆಲಸ ಕೇಳುವುದು. ಹಿಡಿಯುವುದಿಲ್ಲ, ಕೊಯ್ಯುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಯಾವ ಹಳ್ಳದಲ್ಲಿ ಯಾವ ಕಪ್ಪೆ, ಎಷ್ಟು ಹೊತ್ತಿಗೆ ಕೂಗಲು ಶುರು ಮಾಡುತ್ತದೆ, ಮಳೆ ತಡವಾದ ವರ್ಷ ಏನಾಗುತ್ತದೆ, ಅದನ್ನು ರೆಕಾರ್ಡ್ ಮಾಡಿ ಹೋಲಿಸುವುದು. ಸಾಮಾನು ಅಂದರೆ ಒಂದು ರೆಕಾರ್ಡರ್, ಒಂದು ಮೈಕು, ಒಂದು ಥರ್ಮಾಮೀಟರ್, ಜೋಳಿಗೆಯಲ್ಲಿ ಉಂಬಳಕ್ಕೆ ಉಪ್ಪು. ಕೂಗುವುದು ಹೆಚ್ಚಾಗಿ ಗಂಡು ಕಪ್ಪೆಯೇ ಅಂತ ನನಗೆ ಗೊತ್ತಾದದ್ದೇ ಇವಳಿಂದ. ಪೊದೆಕಪ್ಪೆಗಳಲ್ಲಿ ಗೊದಮೊಟ್ಟೆಯೇ ಇರುವುದಿಲ್ಲವಂತೆ, ಮೊಟ್ಟೆಯಿಂದ ನೇರವಾಗಿ ಉಗುರಿನಷ್ಟು ಮರಿಕಪ್ಪೆ ಹೊರಬರುತ್ತದಂತೆ. ಐವತ್ತು ಮಳೆಗಾಲ ಇಲ್ಲೇ ಕಳೆದ ನನಗೆ ಇದು ಗೊತ್ತಿರಲಿಲ್ಲ.

ಈ ಕೆಲಸಕ್ಕೆ ಅವಳು ಎರಡು ಜಾಗ ಆರಿಸಿದ್ದಳು. ಒಂದು ವನ್ಯಜೀವಿ ಧಾಮ, ಒಂದು ರಾಷ್ಟ್ರೀಯ ಉದ್ಯಾನ. ಎರಡೂ ಘಟ್ಟದ ಸಾಲಿನಲ್ಲೇ ಇವೆ. ಹೆಸರು ಬರೆಯುವುದಿಲ್ಲ. ಬರೆದರೆ ಯಾವ ಕಚೇರಿ ಅಂತ ಗೊತ್ತಾಗುತ್ತದೆ, ಈ ವರ್ಷವೂ ಮಗಳು ಅದೇ ಬಾಗಿಲಿಗೆ ಹೋಗಬೇಕಲ್ವಾ? ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಬೈದರೆ ಫೈಲು ಇನ್ನೂ ಕೆಳಗೆ ಹೋಗುತ್ತದೆ ಅನ್ನುವಷ್ಟು ಬುದ್ಧಿ 19 ವರ್ಷದಲ್ಲಿ ಬಂದಿದೆ.

ಅರ್ಜಿ ಟೈಪ್ ಮಾಡುವಾಗ ಕಾಯ್ದೆ ಓದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್. ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಧಾಮದೊಳಗೆ ಹೋಗಲು ಯಾವ ಯಾವ ಕಾರಣಕ್ಕೆ ಪರವಾನಗಿ ಕೊಡಬಹುದು ಅಂತ ಅದರಲ್ಲಿದೆ. ವನ್ಯಜೀವಿ ಅಧ್ಯಯನ, ಫೋಟೋ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸ ಇರುವವರ ಜೊತೆ ವ್ಯವಹಾರ. ರಾಷ್ಟ್ರೀಯ ಉದ್ಯಾನಕ್ಕೂ 35ನೇ ಸೆಕ್ಷನ್ ಮೂಲಕ ಇದೇ ನಿಯಮ ಅನ್ವಯ. ನೋಡಿ, ಜೀಪಿನಲ್ಲಿ ಹುಲಿ ನೋಡಲು ಬರುವವರೂ, ಹಳ್ಳದ ಬದಿ ಕೂತು ಕಪ್ಪೆ ಕೇಳುವವರೂ ಒಂದೇ ಸೆಕ್ಷನ್ನಿನ ಮಕ್ಕಳು. ಒಬ್ಬರಿಗೆ ಕೌಂಟರಿನಲ್ಲಿ ನಿಂತ ಜಾಗದಲ್ಲೇ ಚೀಟಿ ಸಿಗುತ್ತದೆ. ಇನ್ನೊಬ್ಬರಿಗೆ ಏನು ಸಿಗುತ್ತದೆ ಅನ್ನುವುದೇ ನನ್ನ ಪತ್ರ.

ಮೊದಲು ಅವಳ ಗೈಡ್ ಇನ್ನೊಂದು ಕೆಲಸವನ್ನೂ ಹೇಳಿದ್ದರು. ಕಪ್ಪೆಯನ್ನು ಒಂದು ನಿಮಿಷ ಕೈಯಲ್ಲಿ ಹಿಡಿದು, ಚರ್ಮದ ಮೇಲೆ ಹತ್ತಿಯ ಬತ್ತಿ ಸವರಿ ಬಿಟ್ಟುಬಿಡುವುದು. ಜಗತ್ತಿನ ಬೇರೆ ಬೇರೆ ಕಡೆ ಕಪ್ಪೆಗಳನ್ನು ಗುಂಪು ಗುಂಪಾಗಿ ಕೊಂದ ಕೈಟ್ರಿಡ್ ಅನ್ನುವ ಶಿಲೀಂಧ್ರ ಇದೆ. ಅದು ನಮ್ಮ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಇಲ್ಲಿನ ಹಳ್ಳಗಳಲ್ಲಿ ಇದೆಯೋ ಇಲ್ಲವೋ ಬತ್ತಿ ಹೇಳುತ್ತದೆ. ಆದರೆ ಹಿಡಿಯುವುದು ಬಂದ ಕೂಡಲೇ 12ನೇ ಸೆಕ್ಷನ್ ಬರುತ್ತದೆ. ಕಾಯ್ದೆಯ 'ಬೇಟೆ' ಅನ್ನುವ ಪದದೊಳಗೆ ಪ್ರಾಣಿಯನ್ನು ಹಿಡಿಯುವುದೂ ಸೇರಿದೆ. ಮೊದಲ ಅನುಸೂಚಿಯ, ಅಂದರೆ ಹೆಚ್ಚು ರಕ್ಷಣೆಯ ಪಟ್ಟಿಯ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು, ಉಳಿದದ್ದಕ್ಕೆ ರಾಜ್ಯ ಸರ್ಕಾರದ್ದು. ಮಗಳು ಆ ಪುಟ ಎರಡು ಸಲ ಓದಿ, ಬತ್ತಿಯ ಅಧ್ಯಾಯವನ್ನೇ ತೆಗೆದುಹಾಕಿದಳು. 'ಅಪ್ಪಾ, ಬರೀ ಕೇಳ್ತೀನಿ ಅಂತ ಬರಿ. ಬೇಗ ಕೊಡ್ತಾರೆ.'

ಬರೆದೆ. 46 ಪುಟ, 5 ಪ್ರತಿ. ಜನವರಿ ಎರಡನೇ ವಾರ ಕಳಿಸಿದೆವು. ಬೇಕಾದದ್ದು ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ. ನಾಲ್ಕೂವರೆ ತಿಂಗಳು ಕೈಯಲ್ಲಿತ್ತು.

ಮಾರ್ಚ್‌ನಲ್ಲಿ ಒಂದು ಕಾಗದ ಬಂತು. ಪ್ರತಿ ಪುಟದಲ್ಲೂ ಗೈಡ್ ಸಹಿ ಇಲ್ಲ. ಸರಿ, 230 ಹಾಳೆಗೂ ಅವರ ಕೈಯಲ್ಲಿ ಸಹಿ ಹಾಕಿಸಿ ಕಳಿಸಿದೆವು. ಆ ಪ್ರೊಫೆಸರರ ಸಹಿ ಕೊನೆಯ ಹಾಳೆಗಳಲ್ಲಿ ಬರೀ ಒಂದು ಗೆರೆ. ಮೇ ತಿಂಗಳಲ್ಲಿ ಇನ್ನೊಂದು ಕಾಗದ. ನಕ್ಷೆಯಲ್ಲಿ ವಲಯ ಇದೆ, ಬೀಟ್ (ಒಬ್ಬ ಗಾರ್ಡ್ ಕಾಯುವ ಕಾಡಿನ ತುಂಡು) ಇಲ್ಲ. ಬೀಟ್ ಗುರುತು ಮಾಡಿದ ನಕ್ಷೆ ಇರುವುದು ಇಲಾಖೆ ಹತ್ತಿರ. ಅದನ್ನು ನೋಡಲು ಒಂದು ಅರ್ಜಿ. ಎರಡೂ ತಪ್ಪು ಜನವರಿಯಲ್ಲೇ ಕಾಣುತ್ತಿದ್ದವು, ಒಟ್ಟಿಗೆ ಹೇಳಿದ್ದರೆ ಒಟ್ಟಿಗೆ ಸರಿ ಮಾಡುತ್ತಿದ್ದೆವು. ಫೋನ್ ಮಾಡಿದರೆ ಒಂದು ಸಲ 'ಫೈಲು ಮೇಲೆ ಹೋಗಿದೆ' ಅಂದರು, ಇನ್ನೊಂದು ಸಲ 'ಕೆಳಗೆ ಬಂದಿದೆ, ಅಭಿಪ್ರಾಯಕ್ಕೆ' ಅಂದರು. ಲಿಫ್ಟಿನಲ್ಲಿದ್ದ ಹಾಗಿತ್ತು. ಯಾವ ಮಹಡಿಯಲ್ಲಿ ನಿಂತಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಜೂನ್ ಬಂತು. ನಮ್ಮ ಕಡೆ ಮಳೆ ಕರೆದು ಬರುವುದಿಲ್ಲ, ಬಾಗಿಲು ಒಡೆದೇ ಬರುತ್ತದೆ. ಜಾಂಬೋಟಿ, ಕಣಕುಂಬಿ ಕಡೆಯವರಿಗೆ ಹೇಳಬೇಕಾಗಿಲ್ಲ. ಎರಡು ದಿನ ಹೊಡೆದ ಮೇಲೆ ಮೂರನೇ ರಾತ್ರಿ ಮಗಳಿಗೆ ತಡೆಯಲಾಗಲಿಲ್ಲ. ಕಾಡಂಚಿನಲ್ಲಿ ನಮ್ಮ ನೆಂಟರ ಗದ್ದೆ ಇದೆ. ಗದ್ದೆ ಅವರದು, ಅದರಾಚೆ ಕಲ್ಲಿನ ಸಾಲು, ಅದರಾಚೆ ಕಾಡು. ಬೈಕಿನಲ್ಲಿ ಕರೆದುಕೊಂಡು ಹೋದೆ. ಬದುವಿನ ಮೇಲೆ ಇಬ್ಬರೂ ನಿಂತೆವು, ಒಂದೇ ಕೊಡೆ.

ಸಂಪಾದಕರೇ, ಇದನ್ನು ಹೇಗೆ ಬರೆಯಲಿ? ಮಳೆ ಒಂದು ಗಳಿಗೆ ನಿಂತಿತು. ಮೊದಲು ಎಡಗಡೆಯಿಂದ ಒಂದು ಟಿಕ್. ಆಮೇಲೆ ಟಿಕ್ ಟಿಕ್ ಟಿಕ್. ನಾನು ಕೆಲಸ ಕಲಿತದ್ದು ಟೈಪ್‌ರೈಟರ್ ಮೇಲೆ. ಪರೀಕ್ಷೆಯ ದಿನ ಹಾಲ್‌ನಲ್ಲಿ ನಲವತ್ತು ಮಂದಿ ಒಟ್ಟಿಗೆ ಬಡಿದ ಹಾಗೆ ಕಾಡು ಪೂರ್ತಿ ಬಡಿಯತೊಡಗಿತು. ಅದರ ಅಡಿಯಲ್ಲಿ ಇನ್ನೊಂದು ಸದ್ದು, ಹೊಟ್ಟೆಯಿಂದ ಬಂದ ಹಾಗೆ. ಅದರ ಹಿಂದೆ, ದೂರ, ಹಳ್ಳದ ಕಡೆಯಿಂದ ಮೂರನೆಯದು. ಮಗಳು ಮೈಕು ಎತ್ತಿ ಹಿಡಿದಿದ್ದಳು. ಮುಖ ಕಾಣುತ್ತಿರಲಿಲ್ಲ. 'ಆ ಮೂರನೇದು ಬೇಕಪ್ಪಾ. ಅದು ಯಾವುದು ಅಂತ ಇಲ್ಲಿಂದ ತಿಳಿಯೋದಿಲ್ಲ' ಅಂದಳು. ಕಲ್ಲಿನ ಸಾಲು ನಾಲ್ಕು ಮಾರು ದೂರ ಇತ್ತು. ದಾಟಲಿಲ್ಲ. ನಾನೇ ಒಂದು ಸಲ 'ಹೋಗಿ ಬರ್ತೀಯಾ, ಯಾರು ನೋಡ್ತಾರೆ' ಅಂದೆ. ತಂದೆಯಾಗಿ ಅನ್ನಬಾರದಿತ್ತು. ಅವಳು ಸುಮ್ನೆ ತಲೆ ಅಲ್ಲಾಡಿಸಿದಳು.

ಅಷ್ಟರಲ್ಲಿ ಟಾರ್ಚ್ ಬಂತು. ಕಂಬಳಿ ಕೊಪ್ಪೆ ಹಾಕಿಕೊಂಡ ಅರಣ್ಯ ವಾಚರ್. ಗದ್ದೆಯಲ್ಲಿ ಬೆಳಕು ಕಂಡು ಬೇಟೆಯವರು ಅಂದುಕೊಂಡು ಬಂದಿದ್ದ. ವಿಷಯ ಹೇಳಿದೆವು. ಆತ ಕಿವಿಗೊಟ್ಟು ಕೇಳಿ, ಆ ಮೂರನೇ ಸದ್ದಿನ ಕಡೆ ಕೈ ಮಾಡಿ, 'ಅದು ಕಲ್ಲಿನ ಸಂದಿನ್ಯಾಗ ಇರತೈತ್ರೀ, ಹಳ್ಳ ತುಂಬಿ ಹರ್ದ ಮ್ಯಾಲ ಒದರೂದಿಲ್ಲ, ಈ ಎಂಟ್ ದಿನಾನ ಅದರ ಆಟ' ಅಂದ. ಮಗಳು ಅಲ್ಲೇ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಕಾಗದ ಒದ್ದೆಯಾಗಿ ಶಾಯಿ ಹರಡಿತು. ಆ ಪುಟ ಈಗಲೂ ಇದೆ. ಅವಳ ಹೋದ ವರ್ಷದ ಸಂಶೋಧನೆ ಅಂದರೆ ಹೆಚ್ಚುಕಡಿಮೆ ಅದೊಂದೇ ಪುಟ.

ಅನುಮತಿ ಬಂದದ್ದು ಅಕ್ಟೋಬರ್ 9ಕ್ಕೆ. ನಾನು ಲಕೋಟೆ ಒಡೆದು, ಪೇಢಾ ತರಲು ಹುಡುಗನನ್ನು ಕಳಿಸಿ, ಆಮೇಲೆ ಓದಿದೆ. ಅರ್ಜಿಯಲ್ಲಿದ್ದ ತಾರೀಖನ್ನೇ ಯಾರೋ ಹಾಗೇ ನಕಲು ಮಾಡಿದ್ದರು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಅನುಮತಿಸಲಾಗಿದೆ. ಆದೇಶದ ತಾರೀಖು ಅಕ್ಟೋಬರ್‌ನದು. ಷರತ್ತು ಹದಿನಾಲ್ಕು. ಏಳನೆಯದು: ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ ಒಳಗಿರತಕ್ಕದ್ದು.

ಕಪ್ಪೆ ಕೂಗುವುದು ಕತ್ತಲಾದ ಮೇಲೆ. ಇದನ್ನು ತಿಳಿಯಲು ಪಿಎಚ್‌ಡಿ ಬೇಡ.

ಪೇಢಾ ತಿಂದೆವು, ಬಿಡಿ. ತಂದದ್ದು ವಾಪಸ್ ಕೊಡೋಕಾಗಲ್ಲ.

ಒಂದು ವರ್ಷ ತಡವಾದರೆ ಏನು ಮಹಾ ಅಂತ ಕೆಲವರು ಕೇಳಿದರು. ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮೊದಲನೆಯ ಮಳೆಗಾಲ ಕೋರ್ಸ್‌ವರ್ಕ್‌ನಲ್ಲಿ ಹೋಯಿತು. ಎರಡನೆಯದು ಹೀಗೆ ಹೋಯಿತು. ಫೆಲೋಶಿಪ್ ದುಡ್ಡು ತಿಂಗಳು ಎಣಿಸಿ ಬರುತ್ತದೆ, ಮಳೆಗಾಲ ಎಣಿಸಿ ಅಲ್ಲ. ಮಣ್ಣಿನ ಮೇಲೋ ಕಲ್ಲಿನ ಮೇಲೋ ಕೆಲಸ ಮಾಡುವವರು ನವೆಂಬರ್‌ನಲ್ಲಿ ಹೋದರೂ ನಡೆಯುತ್ತದೆ. ಇವಳದು ಎಂಟು ದಿನ ತಪ್ಪಿದರೆ ಮುಂದಿನ ಜೂನ್.

ಇಲಾಖೆಯ ಕಡೆಯಿಂದಲೂ ಯೋಚಿಸಿದ್ದೇನೆ. ಸಂಶೋಧನೆ ಅಂತ ಬೋರ್ಡು ಹಾಕಿಕೊಂಡು ಒಳಗೆ ಹೋಗುವವರೆಲ್ಲ ಸಂಶೋಧಕರಲ್ಲ. ರಾತ್ರಿ ಕಾಡಿನಲ್ಲಿ ಒಬ್ಬ ಹುಡುಗಿಗೆ ಕರಡಿ ಎದುರಾದರೆ ಉತ್ತರ ಕೊಡಬೇಕಾದವರು ಆ ವಲಯದ ಅಧಿಕಾರಿಯೇ. ಕೆಲವು ಕಡೆ ಬಿಗಿ ಇರಲೇಬೇಕು. ನಮ್ಮ ತಾಲ್ಲೂಕಿನದೇ ಉದಾಹರಣೆ ಇದೆ. 2011ರಲ್ಲಿ ಘೋಷಣೆಯಾದ ಭೀಮಗಡ ಧಾಮದೊಳಗೆ, ತಳೇವಾಡಿ ಕಡೆ, ಬಾರಾಪೇಡೆ ಗುಹೆಗಳಿವೆ. ಅಲ್ಲಿರುವ ರಾಟನ್ಸ್ ಬಾವಲಿಯನ್ನು 1913ರಲ್ಲಿ ವಿಜ್ಞಾನ ಲೋಕಕ್ಕೆ ಪರಿಚಯಿಸಿದರು. ಆಮೇಲೆ ಬಹಳ ವರ್ಷ ಇಡೀ ಜಗತ್ತಿನಲ್ಲಿ ಅದು ಇದೆ ಅಂತ ಗೊತ್ತಿದ್ದದ್ದು ಈ ಒಂದೇ ಜಾಗದಲ್ಲಿ. ಈಚೆಗೆ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಸಿಕ್ಕಿದೆ. ಅಂಥ ಗುಹೆಗೆ ಹತ್ತು ಮಂದಿ ಟಾರ್ಚ್ ಹಿಡಿದು ನುಗ್ಗಿದರೆ ಬಾವಲಿ ಉಳಿಯುತ್ತದಾ? ಅಲ್ಲಿ ಬೇಡ ಅಂದರೆ ನಾನು ಚಪ್ಪಾಳೆ ಹೊಡೆಯುತ್ತೇನೆ.

ಆದರೆ ಅದೇ ಬಾವಲಿಯ ಇನ್ನೊಂದು ಕಥೆ ಕೇಳಿ. ಅದಕ್ಕೆ ಹೆಸರು ಬಂದದ್ದು ರಾಟನ್ ಅನ್ನುವವರಿಂದ. ಅವರು ಮುಂಬೈ ಪ್ರಾಂತ್ಯದಲ್ಲಿ ಅರಣ್ಯಾಧಿಕಾರಿಯಾಗಿದ್ದವರು. ನಿವೃತ್ತರಾದ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಸ್ತನಿ ಸಮೀಕ್ಷೆಗೆ ದುಡಿದವರು. ಆಗ ಖಾನಾಪುರ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಅಂದರೆ ನಮ್ಮ ಕಾಡಿನ ಜಗತ್ಪ್ರಸಿದ್ಧ ಪ್ರಾಣಿಯ ಹೆಸರಿನಲ್ಲೇ ಒಬ್ಬ ಫಾರೆಸ್ಟ್ ಆಫೀಸರ್ ಇದ್ದಾರೆ. ಇಲಾಖೆಗೂ ಸಂಶೋಧನೆಗೂ ಆಗ ಬಾಗಿಲು ಬೇರೆ ಇರಲಿಲ್ಲ. ನೂರು ವರ್ಷ ಆದ ಮೇಲೂ ಯಾವ ಜೀವಿ ಅಳಿವಿನಂಚಿನಲ್ಲಿದೆ ಅಂತ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಬಾವಲಿ 'ಮಾಹಿತಿ ಸಾಲದು' ಅನ್ನುವ ಸಾಲಿನಲ್ಲೇ ಕೂತಿದೆ. ಎಷ್ಟಿವೆ, ಹೆಚ್ಚುತ್ತಿವೆಯೋ ಕಮ್ಮಿಯಾಗುತ್ತಿವೆಯೋ ಹೇಳಲು ಬೇಕಾದಷ್ಟು ಮಾಹಿತಿ ಇಲ್ಲ ಅಂತ ಅದರ ಅರ್ಥ.

ಕಪ್ಪೆಯದೂ ಅಷ್ಟೇ. ಉತ್ತರ ಕನ್ನಡದಲ್ಲಿ, ಸಿದ್ದಾಪುರ ಕಡೆಯ ಕತ್ತಲೆಕಾನಿನಲ್ಲಿ ಒಂದು ಇರುಳುಗಪ್ಪೆ ಇದೆ. ಗಂಡು ಕಪ್ಪೆ ಹಳ್ಳದ ಕೆಸರನ್ನು ಮುಂಗಾಲಿನಲ್ಲಿ ಬಾಚಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದಕ್ಕೆ 2014ರಲ್ಲಿ ವಿಜ್ಞಾನಿಗಳು ಇಟ್ಟ ಲ್ಯಾಟಿನ್ ಹೆಸರಿನಲ್ಲೇ ನಮ್ಮ 'ಕುಂಬಾರ' ಇದೆ. ಈ ಕೆಸರು ಮೆತ್ತುವ ಕೆಲಸ ನಡೆಯುವುದು ರಾತ್ರಿ. ನೋಡಿದವರು ಸಂಜೆ 6ಕ್ಕೆ ಚೀಲ ಕಟ್ಟಿದ್ದರೆ ಕುಂಬಾರ ಕಪ್ಪೆಯ ಕಸುಬು ನಮಗೆ ಗೊತ್ತಾಗುತ್ತಿತ್ತಾ?

ನಾನು ಕೇಳುವುದು ಜಾಸ್ತಿ ಏನಿಲ್ಲ. ನನ್ನ ಅಂಗಡಿಗೆ ಬರುವ ಅಜ್ಜಿ ವಿಧವಾ ವೇತನಕ್ಕೆ ಅರ್ಜಿ ಹಾಕಿದರೂ ಕೈಯಲ್ಲಿ ಸಕಾಲದ ಚೀಟಿ ಇರುತ್ತದೆ. 2011ರ ಕಾಯ್ದೆ, 2012ರ ಏಪ್ರಿಲ್‌ನಿಂದ ರಾಜ್ಯದ ತುಂಬ ಜಾರಿ. ಚೀಟಿಯಲ್ಲಿ 15 ಅಂಕಿಯ ನಂಬರು, ಇಂಥ ತಾರೀಖಿನೊಳಗೆ ಅಂತ ಗಡುವು. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಲೆಕ್ಕ, ಹೆಚ್ಚೆಂದರೆ 500. ದುಡ್ಡು ದೊಡ್ಡದಲ್ಲ. ಆದರೆ ಆ ನಂಬರು ಒತ್ತಿದರೆ ಫೈಲು ಯಾರ ಮೇಜಿನ ಮೇಲಿದೆ ಅಂತ ಗೊತ್ತಾಗುತ್ತದೆ. ಅಜ್ಜಿಯ ಮೊಮ್ಮಗ ನನ್ನ ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ನೋಡುತ್ತಾನೆ. ನಮ್ಮ 46 ಪುಟಕ್ಕೆ ಅಂಥ ನಂಬರು ಯಾರೂ ಕೊಡಲಿಲ್ಲ. ಕೊಡಿ. ತಪ್ಪಿದ್ದರೆ ಒಂದೇ ಸಲ ಎಲ್ಲ ಬರೆದು ಕಳಿಸಿ. ಮಳೆಗಾಲದ ಕೆಲಸದ ಅರ್ಜಿಗೆ ಏಪ್ರಿಲ್ ಮುಗಿಯುವ ಮೊದಲು ಹೌದು ಅನ್ನಿ, ಇಲ್ಲಾಂದರೆ ಇಲ್ಲ ಅನ್ನಿ. ಇಲ್ಲ ಅಂದಿದ್ದರೆ ಮಗಳು ಧಾಮದ ಹೊರಗೆ, ಗದ್ದೆ-ತೋಟದ ಕಪ್ಪೆಗಳ ಮೇಲೆ ಯೋಜನೆ ಬದಲಾಯಿಸುತ್ತಿದ್ದಳು. ಅವಳನ್ನು ಕೆಡಿಸಿದ್ದು 'ಇಲ್ಲ' ಅಲ್ಲ, 'ನೋಡೋಣ'. ರಾತ್ರಿಯ ಪ್ರಾಣಿಗೆ ರಾತ್ರಿಯ ಅನುಮತಿ ಕೊಡಿ, ಬೇಕಿದ್ದರೆ ವಾಚರ್ ಜೊತೆಗಿರಲಿ, ಅವರ ರಾತ್ರಿ ಭತ್ಯೆಯನ್ನು ಅರ್ಜಿದಾರರೇ ಕಟ್ಟಲಿ. ಆ ಕಂಬಳಿ ಕೊಪ್ಪೆಯವನಂಥ ಒಬ್ಬ ಜೊತೆಗಿದ್ದರೆ ಮಗಳಿಗೆ ಅರ್ಧ ಗೈಡ್ ಸಿಕ್ಕ ಹಾಗೆ.

ಇದು ನಮ್ಮ ಮನೆಯ ಕಥೆ ಮಾತ್ರ ಅಂದುಕೊಳ್ಳಬೇಡಿ. ಗೋಕಾಕ ತಾಲ್ಲೂಕಿನ ಘಟಪ್ರಭಾ ಪಕ್ಷಿಧಾಮ, ಬಾಗಲಕೋಟೆಯ ಬೀಳಗಿ-ಮುಧೋಳ ಕಡೆ 2016ರಲ್ಲಿ ಚಿಂಕಾರ ಅನ್ನುವ ಹುಲ್ಲೆಗೆಂದೇ ಆದ ಯಡಹಳ್ಳಿ ಧಾಮ, ಇವುಗಳಲ್ಲಿ ಕೆಲಸ ಮಾಡಬೇಕಾದವರು ನಮ್ಮ ಭಾಗದ ಡಿಗ್ರಿ ಕಾಲೇಜಿನ ಹುಡುಗ-ಹುಡುಗಿಯರೇ. ಬೆಂಗಳೂರಿನ ದೊಡ್ಡ ಸಂಸ್ಥೆಯವರಿಗೆ ಕಚೇರಿ ಮೆಟ್ಟಿಲು ಹತ್ತಿ ಕೇಳಲು ಜನ ಇದ್ದಾರೆ. ಬೀಳಗಿಯ ಹುಡುಗ ತಪ್ಪು ಹೇಳಿ ಬಂದ ಒಂದು ಕಾಗದಕ್ಕೆ ಎಷ್ಟು ಸಲ ರಾತ್ರಿ ಬಸ್ಸು ಹತ್ತಬೇಕು?

ಸಂಶೋಧಕರಿಗೂ ಒಂದು ಮಾತು ಇದೆ, ಮಗಳ ಮುಂದೆಯೇ ಹೇಳಿದ್ದೇನೆ. ಆ ರಾತ್ರಿ ವಾಚರ್ ಹೋಗುವಾಗ ಅಂದದ್ದು: 'ಭಾಳ ಮಂದಿ ಬಂದ್ ಹೋಗ್ಯಾರ್ರೀ. ಏನ್ ಸಿಕ್ತು ಅಂತ ಯಾರೂ ತಿರುಗಿ ಹೇಳಲಿಲ್ಲ.' ವರದಿಯ ಪ್ರತಿ ಇಲಾಖೆಗೆ ಹೋಗಿರಬಹುದು. ಅದು ಇಂಗ್ಲಿಷಿನಲ್ಲಿ ಬೀರುವಿನಲ್ಲಿರುತ್ತದೆ. ಹಳ್ಳದ ಬದಿ ತಿರುಗುವವನ ಕೈಗೆ ನಾಲ್ಕು ಪುಟ ಕನ್ನಡದಲ್ಲಿ ಬಂದರೆ ಮುಂದಿನ ಅರ್ಜಿ ಬಂದಾಗ ಅವನೇ ಸಾಹೇಬರಿಗೆ 'ಕೊಡ್ರೀ, ಒಳ್ಳೆ ಕೆಲ್ಸ' ಅನ್ನುತ್ತಾನೆ. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಯಾರೇ ಕೆಲಸ ಮಾಡಿದರೂ ಆ ನಾಲ್ಕು ಪುಟ ಕನ್ನಡದಲ್ಲಿ ಟೈಪ್ ಮಾಡಿ ಪ್ರತಿ ತೆಗೆದುಕೊಡುವ ಖರ್ಚು ನನ್ನದು. ಮರಾಠಿಯಲ್ಲಿ ಬೇಕೆಂದರೂ ಆದೀತು.

ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ಪೇಢಾ ಭಾಗ ತೆಗೆಯಿರಿ, ಗದ್ದೆಯ ಬದು ಬಿಡಿ.

ಈ ವರ್ಷದ ಅರ್ಜಿ ಟೈಪ್ ಆಗಿದೆ. ಈ ಸಲ 52 ಪುಟ, ಬೀಟ್ ನಕ್ಷೆ ಸೇರಿ. ಗೈಡ್ ಸಹಿ ಮೊದಲೇ ಎಲ್ಲ ಹಾಳೆಗೂ ಆಗಿದೆ. ಸಮಯ ಅನ್ನುವ ಜಾಗದಲ್ಲಿ 'ಸಂಜೆ 6ರಿಂದ ರಾತ್ರಿ 12' ಅಂತ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಗೆರೆ ಎಳೆದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಮಗಳು ತೆಗೆದುಕೊಂಡು ಹೋಗುತ್ತಾಳೆ.

ಇಂತಿ,
ಜೆರಾಕ್ಸ್ ಅಂಗಡಿಯವ
ಖಾನಾಪುರ, ಬೆಳಗಾವಿ ಜಿಲ್ಲೆ
(ಹೆಸರು ಹಾಕಬೇಡಿ, ಕಾರಣ ಮೇಲೆ ಹೇಳಿದ್ದೇನೆ)